ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು

ತಾಯಿ ಸತ್ತ ನಾಯಿಮರಿ ಸಿಕ್ಕರೆ ತಕ್ಷಣ ಹಸುವಿನ ಹಾಲು ಕುಡಿಸಿ ಅಂತ ಲೇಖನದಲ್ಲಿದೆ. ದಯವಿಟ್ಟು ಆ ಸಾಲು ತಿದ್ದಿ. ಮೈ ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಬಿಸಿ ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ, ನಮ್ಮ ಕಲಬುರಗಿಯಲ್ಲಿ ಚಳಿ ಎಲ್ಲಿದೆ ಅನ್ನಬೇಡಿ, ಡಿಸೆಂಬರ್ ರಾತ್ರಿ ಶಹಾಬಾದ್ ಕಲ್ಲಿನ ನೆಲ ಹೇಗೆ ಕೊರೆಯುತ್ತದೆ ಗೊತ್ತಲ್ವಾ? ರಟ್ಟಿನ ಡಬ್ಬಿಯಲ್ಲಿ ಹಳೆ ಕೌದಿ ಹಾಸಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಮೂಲೆಗಿಡಿ. ಸೆಕೆಯಾದರೆ ಮರಿ ಆ ಕಡೆ ಸರಿಯಲು ಜಾಗ ಇರಲಿ.

ನಾಯಿ ಹಾಲಿನಲ್ಲಿರುವ ಪ್ರೋಟೀನು, ಕೊಬ್ಬಿನ ಅರ್ಧದಷ್ಟೂ ಹಸುವಿನ ಹಾಲಿನಲ್ಲಿಲ್ಲ, ಭೇದಿ ಬೇರೆ ಆಗುತ್ತದೆ. ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ತನ್ನಿ. ಮೊದಲ ವಾರ ರಾತ್ರಿಯೂ 2-3 ಗಂಟೆಗೊಮ್ಮೆ ಎದ್ದು ಕುಡಿಸಬೇಕು. ಕೂಸಿನ ಹಾಗೆ ಅಂಗಾತ ಹಿಡಿಯಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿಯೇ ಇರಲಿ.

ಲೇಖನದಲ್ಲಿ ಬಿಟ್ಟುಹೋದದ್ದು ಇನ್ನೊಂದು: ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು, ತಾಯಿ ನೆಕ್ಕುವ ಕೆಲಸ ಅದು. ಹತ್ತಿ ಹಳದಿಯಾಗುವವರೆಗೂ ಬಿಡಬೇಡಿ. ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಮಾಡುವುದಿಲ್ಲ. ಮರಿ ಸಪ್ಪಗಾಗಿ ಹಾಲು ಬಿಟ್ಟರೆ ನಾಳೆ ನೋಡೋಣ ಅಂತ ಸುಮ್ನೆ ಕೂರಬೇಡಿ, ಪಶುವೈದ್ಯರ ಹತ್ತಿರ ಓಡಿ. ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜೇ ಇದೆ.