ಪೇಡಾನ ಜಾತಿ

ನವನಗರದಲ್ಲಿ ಗಾಡಿಯನ್ನು ವಾಟರ್ ವಾಷ್‌ಗೆ ಬಿಟ್ಟಿದ್ದೆ. ಹುಡುಗ ಹಿಂದಿನ ಬಾಗಿಲು ತೆಗೆದವನೇ ಎರಡು ಹೆಜ್ಜೆ ಹಿಂದೆ ಸರಿದ. ‘ಸರ, ಇದರಾಗ ಕರಡಿ ಕರ್ಕೊಂಡು ಹೋಗಿದ್ರೇನು?’

ನಾಯಿ ಅಂದೆ.

‘ಯಾವ ಜಾತೀದರಿ?’

ಶುರುವಾಯಿತು. ಒಂಬತ್ತು ದಿನ ಇದನ್ನೇ ಕೇಳಿಸಿಕೊಂಡು ಬಂದಿದ್ದೇನೆ. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಅಣಶಿ ಘಾಟು ಇಳಿದು ಕಾರವಾರ. ಅಲ್ಲಿಂದ ಕುದುರೆಮುಖ, ನಾಗರಹೊಳೆ, ಬಂಡೀಪುರ. ನಾಲ್ಕು ರಾಷ್ಟ್ರೀಯ ಉದ್ಯಾನ, ಒಂದು ನಾಯಿ. ಕಾಡು ತೋರಿಸಬೇಕು ಅನ್ನೋದು ನನ್ನ ಆಸೆ, ಅದರದ್ದಲ್ಲ. ಅದು ಹಳಿಯಾಳ ಬರೋ ಮುಂಚೆ ಒಮ್ಮೆ, ಅಣಶಿ ತಿರುವುಗಳಲ್ಲಿ ಮೂರು ಸಲ ವಾಂತಿ ಮಾಡಿತು. ಉಳಿದ ಹೊತ್ತು ಮಲಗಿತ್ತು. ಸಫಾರಿಗಂತೂ ನಾಯಿ ಬಿಡೋದಿಲ್ಲ. ಹೆಂಡತಿ ಆನೆ ನೋಡಿ ಬಂದಳು, ನಾನು ನಾಯಿ ನೋಡಿಕೊಂಡು ಕೂತೆ. ಕಾಡಿನ ಬಗ್ಗೆ ಇಷ್ಟು ಸಾಕು.

ಪೇಡಾ ನಮಗೆ ಸಿಕ್ಕಿದ್ದು ಲೈನ್ ಬಜಾರಿನ ಗಟಾರದ ಪಕ್ಕ. ಮೈಯೆಲ್ಲ ಕಂದು, ಮೂಗಿನ ಮೇಲೆ ಸಕ್ಕರೆ ಉದುರಿಸಿದಂಗೆ ಬಿಳಿ. ಹೆಸರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಜಾತಿಗೂ ಕೆಡಿಸಿಕೊಂಡಿರಲಿಲ್ಲ, ದಾಂಡೇಲಿಯ ಹೋಮ್‌ಸ್ಟೇ ಗೇಟಿನ ತನಕ. ಅಲ್ಲಿನ ಮಾಲೀಕರು ಗಾಡಿಯೊಳಗೆ ಬಗ್ಗಿ ನೋಡಿ, ‘ಬೀದಿ ನಾಯಿ ಏನ್ರೀ? ಜಾತಿ ನಾಯಿ ಆದ್ರ ಅಡ್ಡಿಯಿಲ್ಲ’ ಅಂದರು. ಕತ್ತಲಾಗಿತ್ತು. ಹಸಿವಾಗಿತ್ತು. ‘ಮುಧೋಳ’ ಅಂದುಬಿಟ್ಟೆ.

ಮುಧೋಳ ನಾಯಿ ನೋಡಿದವರಿಗೆ ಗೊತ್ತು. ಉದ್ದ ಮುಖ, ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ. ಮೊಲವನ್ನು ಓಡಿಸಿಕೊಂಡು ಹೋಗಿ ಹಿಡಿಯುವ ಕುಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರ ಹಾಕಿ ಸ್ಟಾಂಪೇ ತಂದಿತ್ತು. ನಮ್ಮ ಪೇಡಾ ಕಾಲು ಮೂಡಿದ ಕುಂಬಳಕಾಯಿ. ಮಾಲೀಕರು ಅದನ್ನು ನೋಡಿದರು, ನನ್ನನ್ನು ನೋಡಿದರು, ಗೇಟು ತೆಗೆದರು.

ಒಂದು ಸುಳ್ಳಿಗೆ ಊಟ ಹಾಕಿದರೆ ಮರುದಿನವೂ ಹಸಿದುಕೊಂಡು ಬರುತ್ತದೆ. ಕಾರವಾರದಲ್ಲಿ ‘ಮುಧೋಳ, ತಾಯಿ ಕಡೆಯಿಂದ’ ಅಂದೆ. ಕುದುರೆಮುಖ ದಾಟಿ ಕಳಸದಲ್ಲಿ ಚಹಾ ಅಂಗಡಿಯವರು ‘ಇಷ್ಟು ದಪ್ಪ?’ ಅಂದಾಗ ಥೈರಾಯ್ಡ್ ಅಂದೆ. ಹುಣಸೂರು ಮುಟ್ಟುವಷ್ಟರಲ್ಲಿ ಅದರ ಮುತ್ತಜ್ಜ ಮುಧೋಳ ಆಳಿದ ಘೋರ್ಪಡೆ ಮಹಾರಾಜರ ಅರಮನೆಯಲ್ಲಿ ಬೆಳೆದಿದ್ದ. ಹೆಂಡತಿಗೆ ತಡೆಯಲಾಗಲಿಲ್ಲ. ‘ತಹಶೀಲ್ದಾರ್ ಆಫೀಸಿನ್ಯಾಗ ಒಂದು ಸರ್ಟಿಫಿಕೇಟೂ ಮಾಡಿಸಿಬಿಡ್ರಿ’ ಅಂದಳು.

ಸಿಟ್ಟು ಬರೋದು ಬೇರೆ ಕಾರಣಕ್ಕೆ. ಮನುಷ್ಯರ ವಿಷಯದಲ್ಲಿ ನಮ್ಮ ಕಡೆ ಎಷ್ಟು ನಾಜೂಕು! ‘ಅಡ್ಡಹೆಸರು ಏನ್ರಿ?’ ‘ಊಟಕ್ಕ ಎಲ್ಲಾ ನಡೀತದೇನ್ರಿ?’ ಅಂತ ಸುತ್ತಿ ಬಳಸಿ ಬರುತ್ತಾರೆ. ಅದೇ ಮಂದಿ ನಾಯಿಯ ಮುಂದೆ ನೇರ ಕೇಳುತ್ತಾರೆ. ಬೀದಿಯದ್ದು ಅಂದರೆ ಆ ಮುಖದ ಮೇಲೊಂದು ಕಳೆ ಬರುತ್ತದಲ್ಲ, ಅದು ನನಗೆ ಬೇರೆ ಕಡೆಯೂ ನೋಡಿ ಗೊತ್ತು.

ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಒಬ್ಬರು ಕಿಟಕಿಯೊಳಗೆ ಟಾರ್ಚ್ ಬಿಟ್ಟರು. 9 ಗಂಟೆಗೆ ಗೇಟು ಹಾಕಿದರೆ ಬೆಳಗ್ಗೆ 6ಕ್ಕೇ ತೆಗೆಯೋದು, ನನಗೆ ಅವಸರ. ಮುತ್ತಜ್ಜನನ್ನು ಸಿದ್ಧ ಇಟ್ಟುಕೊಂಡಿದ್ದೆ. ಅವರು ಕೇಳಿದ್ದು ಒಂದೇ, ‘ಇಂಜೆಕ್ಷನ್ ಎಲ್ಲ ಹಾಕ್ಸಿದೀರಾ ಸಾರ್? ಕೆಳಗಿಳಿಸ್ಬೇಡಿ.’ ಕೇಳೋ ಮಾತೇ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ತಗುಲಿ ಮೂರರಲ್ಲೊಂದು ಸಿಂಹ ಸತ್ತಿತ್ತು. ಹಾಕಿಸಿದೀನಿ ಅಂದೆ. ಇಡೀ ಪ್ರವಾಸದಲ್ಲಿ ಪೇಡಾನ ಬಗ್ಗೆ ನಾನು ಹೇಳಿದ ಒಂದೇ ನಿಜ.

ವಾಟರ್ ವಾಷ್ ಹುಡುಗ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಊರಿಗೆ ಬಂದಾಗಿತ್ತು, ನಿಜ ಹೇಳಬಹುದಿತ್ತು. ಬಾಯಿಗೆ ರೂಢಿಯಾಗಿತ್ತು. ‘ಮುಧೋಳ.’

ಅವನು ಸೀಟಿನಿಂದ ಒಂದು ಕೂದಲು ಕಿತ್ತು ಬಿಸಿಲಿಗೆ ಹಿಡಿದ. ‘ಮುಧೋಳದ್ದು ಕೂದಲಾ ಭಾಳ ಸಣ್ಣ ಇರ್ತಾವ್ರಿ ಸರ. ಸೀಟಿನ್ಯಾಗ ಚುಚ್ಚಿಕೊಂಡ್ರ ಬರಂಗಿಲ್ಲ. ಇನ್ನೂರು ಜಾಸ್ತಿ ಆಗ್ತದ.’

ಕೊಟ್ಟೆ.