ಹುಡುಗರ ವೋಟನ್ನು ಹಂಗಿಸುವ ಮುಂಚೆ

ಊರಿನ ಡೇರಿ ವಾರ್ಷಿಕ ಸಭೆ ಮುಗಿಸಿ ಈಗಷ್ಟೇ ಬಂದೆ. ಮೈಯೆಲ್ಲ ಉರೀತಾ ಇದೆ. ಬರೆದು ಹಾಕದಿದ್ದರೆ ರಾತ್ರಿ ನಿದ್ದೆ ಬರಲ್ಲ.

ಸಭೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಎದ್ದು ನಿಂತ. ಇಪ್ಪತ್ನಾಲ್ಕು ವರ್ಷ. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಬೆಳಗ್ಗೆ ಹಾಲು ಕರೆದು ಡೇರಿಗೆ ತಂದು ಹಾಕುವವನು ಇವನೇ. ಆಮೇಲೆ ಬಸ್ ಹಿಡಿದು ದೇವನಹಳ್ಳಿ ಕಡೆ ಗುತ್ತಿಗೆ ಕೆಲಸಕ್ಕೆ ಓಡುತ್ತಾನೆ. ಹಾಲಿನ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕೈಯಲ್ಲಿ ಹಿಡಿದಿದ್ದ. ಒಂದೊಂದು ಚೀಟಿಯಲ್ಲೂ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಅಂಕಿಯ ಸುತ್ತ ಪೆನ್ನಿನಲ್ಲಿ ಗೀಟು ಹಾಕಿದ್ದ. “ಅದೇ ಹಸು, ಅದೇ ಫೀಡು, ಅದೇ ಹುಲ್ಲು. ಹೋದ ತಿಂಗಳವರೆಗೂ 8.5 ಬರ್ತಿತ್ತು, ಈಗ ಎಂಟೂ ದಾಟ್ತಾ ಇಲ್ಲ. ಮಿಷನ್ ಒಂದ್ಸಲ ಚೆಕ್ ಮಾಡಿಸಿ ಅಣ್ಣ” ಅಂದ. ಅವನು ಕೇಳಿದ್ದು ಇಷ್ಟೇ.

“ಷೇರು ಯಾರ ಹೆಸರಲ್ಲಿದೆಯೋ? ನಿಮ್ಮಪ್ಪನ್ನ ಕಳಿಸು, ಮಾತಾಡ್ತೀವಿ” ಅಂದರು ಮುಂದೆ ಕೂತಿದ್ದವರು. ಹುಡುಗ ಸ್ವಲ್ಪ ಹೊತ್ತು ನಿಂತ. ಚೀಟಿಗಳನ್ನು ಜೇಬಿಗೆ ತುರುಕಿಕೊಂಡು ಹೊರಟುಹೋದ. ಅವನು ಬಾಗಿಲು ದಾಟುವಷ್ಟರಲ್ಲೇ ಒಬ್ಬರು, “ರೀಲ್ಸ್ ನೋಡಿ ವೋಟು ಹಾಕೋ ಹುಡುಗರಿಗೆ ಲೆಕ್ಕ ಕೇಳೋದು ಬೇರೆ ಕೇಡು” ಅಂದರು. ಎಲ್ಲರೂ ನಕ್ಕರು.

ಈ ಮಾತನ್ನು ನಾನು ಎಲ್ಲೆಲ್ಲಿ ಕೇಳಿಲ್ಲ! ಶಿಡ್ಲಘಟ್ಟದ ರೇಷ್ಮೆ ಗೂಡು ಮಾರ್ಕೆಟ್ಟಲ್ಲಿ, ಬಸ್ ಸ್ಟ್ಯಾಂಡಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ. ಚುನಾವಣೆ ಯಾವುದೇ ಇರಲಿ, ಯಾರೇ ಗೆಲ್ಲಲಿ, ಕೊನೆಗೆ ಬೈಗುಳ ಹುಡುಗರಿಗೆ. ಹುಡುಗರೂ ಸುಮ್ಮನಿಲ್ಲ. “ಈ ಮುದುಕರು ಗುರುತು ನೋಡಿ ಒತ್ತೋರು, ನೋಟು ನೋಡಿ ಒತ್ತೋರು” ಅಂತ ಅವರೂ ಅಂತಾರೆ. ಎರಡೂ ಮಾತು ನನಗೆ ಆಗಲ್ಲ. ಆದರೆ ಮೊದಲನೆಯದು ಜಾಸ್ತಿ ನೋಯಿಸುತ್ತೆ. ಯಾಕಂದ್ರೆ ಅದನ್ನು ಹೇಳುವವರ ಕೈಯಲ್ಲಿ ಅಧಿಕಾರ ಇದೆ. ಡೇರಿ ಅವರದು, ಸೊಸೈಟಿ ಅವರದು, ಪಹಣಿ ಅವರದು.

ನಮ್ಮಮ್ಮನ ವಿಷಯ ಹೇಳ್ತೀನಿ. ಯಾರು ಏನೇ ಹೇಳಲಿ, ಅವರ ಗುರುತು ಬದಲಾಗಲ್ಲ. ಆಗ ಹಸು-ಕರು, ಆಮೇಲೆ ಕೈ, ಎರಡೂ ಕಾಂಗ್ರೆಸ್ಸಿನದೇ. ಕಾರಣ ಕೇಳಿದರೆ ಒಂದೇ ಮಾತು: “ನಿಮ್ಮ ತಾತನಿಗೆ ಜಮೀನು ಬಂದಿದ್ದು ಅರಸು ಕಾಲದಲ್ಲಿ.” ನಮ್ಮ ತಾತ ಇನ್ನೊಬ್ಬರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಉಳುತ್ತಿದ್ದವರು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ, 1974ರಲ್ಲಿ, ಉಳುವವನಿಗೇ ಹೊಲ ಸಿಗುವ ಹಾಗೆ ಭೂ ಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು, ಹೊಲ ಕೇಳಿ ಏಳನೇ ನಂಬರ್ ಅರ್ಜಿ ಹಾಕಿದರು, ನ್ಯಾಯಮಂಡಳಿಗೆ ಅಲೆದರು, ಎರಡೆಕರೆ ಅವರ ಹೆಸರಿಗೆ ಆಯಿತು. ಅಮ್ಮ ಆ ಹೊಲದಲ್ಲೇ ಕಳೆ ಕಿತ್ತು ಬೆಳೆದವರು. ಅವರಿಗೆ ವೋಟು ಅಂದರೆ ಋಣ ತೀರಿಸೋದು.

ಪಕ್ಕದ ಮನೆ ತಾತನದು ಬೇರೆ ಪಕ್ಷ, ಜನತಾ ಪರಿವಾರದ್ದು. ನೇಗಿಲು ಹೊತ್ತ ರೈತನಿಂದ ಶುರು ಮಾಡಿ, ಚಕ್ರಕ್ಕೆ ಒತ್ತಿ, ಈಗ ತೆನೆ ಹೊತ್ತ ಮಹಿಳೆ. ಅವರ ಕಾರಣ ನಮ್ಮೂರ ಬೋರಿಂಗು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ ಆಗಿದ್ದರಲ್ಲ, ಊರೂರಿಗೆ ಬೋರು ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ (ಈಗಿನ ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ ಇದ್ದ ಹಾಗೆ) ಚುನಾವಣೆ ನಡೆಯಿತು. ಮಂಡಲದ ಪ್ರಧಾನರ ಮನೆ ಮುಂದೆ ಹೋಗಿ ಕೂತು ಬೋರಿಂಗ್ ಹಾಕಿಸಿದ ಕಥೆಯನ್ನು ತಾತ ಈಗಲೂ ಹೇಳುತ್ತಾರೆ. ಹ್ಯಾಂಡಲ್ ಹೊಡೆದ ಮೊದಲ ದಿನ ನೀರು ಕೆಂಪಗೆ ಬಂತಂತೆ, ಆಮೇಲೆ ತಿಳಿಯಾಯಿತಂತೆ.

ಈ ಇಬ್ಬರನ್ನೂ ನಾನು ತಪ್ಪು ಅನ್ನಲ್ಲ. ಅವರಿಗೆ ಸರ್ಕಾರ ಅನ್ನೋದು ಕಣ್ಣಿಗೆ ಕಂಡಿತ್ತು. ಹೊಲವಾಗಿ ಕಂಡಿತು, ನೀರಾಗಿ ಕಂಡಿತು. ಕೇಳೋಕೆ ಒಂದು ಮನೆ ಬಾಗಿಲು ಇತ್ತು. ಅಲ್ಲಿದ್ದವರು ಇವರ ಹೆಸರು ಹಿಡಿದು ಕರೆಯುತ್ತಿದ್ದರು.

ಈಗ ಆ ಹುಡುಗನ ಲೆಕ್ಕ ನೋಡಿ. ಅವನು ಹುಟ್ಟಿದ್ದು 2001, ಕೆಜಿಎಫ್ ಚಿನ್ನದ ಗಣಿ ಮುಚ್ಚಿದ ವರ್ಷ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ, ಪಶ್ಚಿಮ ಘಟ್ಟದ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆದಾಗ ಇನ್ನೂ ಸ್ಕೂಲ್ ಬ್ಯಾಗ್ ಹೊರುತ್ತಿದ್ದ. ಡಿಗ್ರಿ ಮುಗಿದು ಕೆಲಸಕ್ಕೆ ಸೇರಿದ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆ ಆಯಿತು. ನಮ್ಮ ಕಡೆಗೆ ನೀರು ಬರೋದು ಬಾಕಿ. ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿ ಸಾಲ ಮಾಡಿಕೊಂಡ ಅಪ್ಪಂದಿರನ್ನು ನೋಡಿ ಬೆಳೆದ ಪೀಳಿಗೆ ಇದು. ಸರ್ಕಾರಿ ನೌಕರಿ ಅಂತ ಓದೋಣ ಅಂದರೆ 2021ರ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ ಕಣ್ಣ ಮುಂದೆ ಇದೆ. 545 ಹುದ್ದೆಗೆ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಯಿತು, ಮುಂದಿನ ವರ್ಷ ರದ್ದಾಯಿತು. ಪ್ರಾಮಾಣಿಕವಾಗಿ ಓದಿ ಬರೆದವರ ಗತಿ ಏನು? ಇವರಿಗೆ ಯಾವ ಋಣ ಇದೆ ತೀರಿಸೋಕೆ? ಯಾವ ಗುರುತಿಗೆ ಇವರು ನಿಯತ್ತಾಗಿರಬೇಕು?

ಈ ಸಿಟ್ಟೆಲ್ಲ ಒಂದು ಕಡೆ. ನನ್ನ ತಲೆ ಕೆಡಿಸಿರೋದು ಇನ್ನೊಂದು.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಮ್ಮಲ್ಲಿ ಕೊನೆಯದಾಗಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ಕೋರ್ಟು ಅಂದರು. ಸರ್ಕಾರ ಬದಲಾಯಿತು, ಚುನಾವಣೆ ಮಾತ್ರ ಬರಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸುತ್ತಿದ್ದಾರೆ. ಅಂದರೆ 1998ರ ಫೆಬ್ರವರಿ ಆದಮೇಲೆ ಹುಟ್ಟಿದ ಯಾವ ಹುಡುಗ, ಯಾವ ಹುಡುಗಿಯೂ ತಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರನ್ನು ಆರಿಸಿಯೇ ಇಲ್ಲ. ನಮ್ಮ ಹುಡುಗನೂ ಅದರಲ್ಲಿ ಒಬ್ಬ. ಇದನ್ನು ಎರಡು ಸಲ ಓದಿ. ಮದುವೆಯಾಗಿ ಮಕ್ಕಳಾದವರೂ ಅದರಲ್ಲಿದ್ದಾರೆ.

ಗ್ರಾಮ ಪಂಚಾಯಿತಿ ಇತ್ತಲ್ಲ ಅನ್ನಬಹುದು. 2020ರ ಡಿಸೆಂಬರ್‌ನಲ್ಲಿ ನಡೆಯಿತು, ನಿಜ. ಆಗ ಹದಿನೆಂಟು ತುಂಬಿದ್ದವರು ಹಾಕಿದರು. ಡೇರಿಗೆ ಬಂದರೆ ಷೇರು ಅಪ್ಪನ ಹೆಸರಲ್ಲಿ, ಹಾಗಾಗಿ ವೋಟೂ ಅಪ್ಪನದೇ. ವ್ಯವಸಾಯ ಸೇವಾ ಸಹಕಾರ ಸಂಘಕ್ಕೆ ಹೋದರೆ ಪಹಣಿ ಕೇಳುತ್ತಾರೆ, ಅದೂ ಅಪ್ಪನ ಹೆಸರಲ್ಲಿ, ಕೆಲವು ಮನೆಗಳಲ್ಲಿ ತೀರಿಹೋದ ತಾತನ ಹೆಸರಲ್ಲಿ. ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಎಷ್ಟೋ ವರ್ಷದ ಹಿಂದೆಯೇ ನಿಂತುಹೋಯಿತು. ಇನ್ನು ಉಳಿದಿದ್ದೇನು? ಐದು ವರ್ಷಕ್ಕೊಮ್ಮೆ ಎಂಎಲ್‌ಎ, ಐದು ವರ್ಷಕ್ಕೊಮ್ಮೆ ಎಂಪಿ. ಇಬ್ಬರನ್ನೂ ಇವರು ಹತ್ತಿರದಿಂದ ನೋಡಿಲ್ಲ. ಫೋನಿನಲ್ಲಿ ನೋಡಿದ್ದಾರೆ. ಮತ್ತೆ ಎಲ್ಲಿ ನೋಡಬೇಕಿತ್ತು?

ಮನೆ ಬಾಗಿಲಲ್ಲಿ ಕೂತು ಬೋರಿಂಗ್ ಕೇಳಿದ ತಾತನಿಗೆ ಅಭ್ಯರ್ಥಿ ಅಂದರೆ ಗೊತ್ತಿರುವ ಮನುಷ್ಯ. ಅವನ ಸೋದರಮಾವ ಯಾರು, ಕಷ್ಟಕ್ಕೆ ಬರ್ತಾನಾ ಇಲ್ವಾ, ಎಲ್ಲ ಗೊತ್ತು. ಹುಡುಗನಿಗೆ ಆ ಅವಕಾಶವನ್ನೇ ನಾವು ಕೊಟ್ಟಿಲ್ಲ. ಹಾಗಾಗಿ ಅವನು ಮಾತು ನೋಡುತ್ತಾನೆ, ಧೈರ್ಯ ನೋಡುತ್ತಾನೆ, ನನ್ನ ಸಿಟ್ಟನ್ನು ಯಾರು ಜೋರಾಗಿ ಹೇಳ್ತಿದ್ದಾರೆ ಅಂತ ನೋಡುತ್ತಾನೆ. ಇಬ್ಬರ ಆಯ್ಕೆ ಬೇರೆ ಬೇರೆ ಆಗದೆ ಇನ್ನೇನಾಗುತ್ತೆ? ಈಜು ಕಲಿಯೋಕೆ ಊರ ಕಲ್ಯಾಣಿಗೆ ಬಿಡದೆ, ನೇರ ಜಲಾಶಯಕ್ಕೆ ತಳ್ಳಿ, ಈಜು ಬರಲ್ಲ ಅಂತ ದಡದಲ್ಲಿ ನಿಂತು ನಗೋದು ನ್ಯಾಯನಾ?

ದುಡ್ಡಿನ ವಿಷಯವೂ ಹೇಳಿಬಿಡುತ್ತೇನೆ. ಒಂದೇ ಮನೆಯಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಮನೆ ಯಜಮಾನಿ ಖಾತೆಗೆ ಬರುತ್ತೆ. ಸಂಧ್ಯಾ ಸುರಕ್ಷಾ ಪಿಂಚಣಿ ಅಜ್ಜನಿಗೆ. ಯುವನಿಧಿ ಪದವೀಧರರಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಕಮ್ಮಿ ಸಂಬಳಕ್ಕಾದರೂ ಸರಿ ಅಂತ ಗುತ್ತಿಗೆ ಕೆಲಸಕ್ಕೆ ಸೇರಿದ ಹುಡುಗನಿಗೆ ಅದೂ ಇಲ್ಲ. ಅಮ್ಮನಿಗೆ ಸರ್ಕಾರ ತಿಂಗಳಾ ತಿಂಗಳಾ ನೆನಪಾಗುತ್ತೆ. ಮಗನಿಗೆ ಪರೀಕ್ಷೆ ರದ್ದಾದಾಗ ನೆನಪಾಗುತ್ತೆ. ಇಬ್ಬರೂ ತಮ್ಮ ಬದುಕು ನೋಡಿಕೊಂಡೇ ಒತ್ತುತ್ತಾರೆ. ಇದರಲ್ಲಿ ಯಾರು ದಡ್ಡರು ಹೇಳಿ?

ಗೆಳೆಯರೊಬ್ಬರು ಈಗಲೇ ಫೋನ್ ಮಾಡಿ, “ವಯಸ್ಸೂ ಇಲ್ಲ ಗಿಯಸ್ಸೂ ಇಲ್ಲ, ನಮ್ಮ ಕಡೆ ಎಲ್ಲ ಜಾತಿ ಲೆಕ್ಕ” ಅಂದರು. ಜಾತಿ ಇಲ್ಲ ಅಂತ ಯಾರು ಹೇಳಿದರು? ಟಿಕೆಟ್ ಕೊಡುವಾಗಿಂದ ಬೂತ್ ಏಜೆಂಟ್ ಕೂರಿಸುವವರೆಗೆ ಅದೇ ನಡೆಯೋದು. ಆದರೆ ಒಂದೇ ಮನೆಯ ಅಪ್ಪ ಮಗನದು ಒಂದೇ ಜಾತಿ ಅಲ್ವಾ? ಅವರಿಬ್ಬರೂ ರಾತ್ರಿ ಊಟಕ್ಕೆ ಕೂತಾಗ ಜಗಳ ಆಡ್ತಾರಲ್ಲ, ಅದಕ್ಕೆ ಜಾತಿ ಹೇಗೆ ಉತ್ತರ ಕೊಡುತ್ತೆ?

ಇನ್ನು “ಹುಡುಗರೇ ಗೆಲ್ಲಿಸಿದ್ದು, ಹುಡುಗರೇ ಸೋಲಿಸಿದ್ದು” ಅನ್ನೋ ಮಾತು. 2023ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಮಂತ್ರಿಯಾಗಿದ್ದ ಸುಧಾಕರ್ ಅವರನ್ನು ಕೋಚಿಂಗ್ ಮೇಷ್ಟ್ರು ಪ್ರದೀಪ್ ಈಶ್ವರ್ ಸೋಲಿಸಿದಾಗ ಎಲ್ಲರ ಬಾಯಲ್ಲೂ ಇದೇ. ಮೊಬೈಲ್ ವಿಡಿಯೋ ನೋಡಿ ಹುಡುಗರು ಮರುಳಾದರು ಅಂತ. ಮುಂದಿನ ವರ್ಷವೇ ಅದೇ ಸುಧಾಕರ್ ಎಂಪಿ ಆದರು. ಆಗ ಮೊಬೈಲ್ ಎಲ್ಲಿ ಹೋಗಿತ್ತು? ನಮ್ಮ ಕೋಲಾರ ಲೋಕಸಭಾ ಕ್ಷೇತ್ರದಲ್ಲಿ 1991ರಿಂದ 2014ರವರೆಗೆ ಸತತ ಏಳು ಸಲ ಕಾಂಗ್ರೆಸ್ಸಿನ ಕೆ.ಎಚ್. ಮುನಿಯಪ್ಪ ಗೆದ್ದರು. 2019ರಲ್ಲಿ ಬಿಜೆಪಿ, 2024ರಲ್ಲಿ ಜೆಡಿಎಸ್. ಇದೆಲ್ಲ ಬರೀ ಹುಡುಗರ ವೋಟಿನಿಂದ ಆಯಿತಾ? ಹಿರಿಯರು ಮನೆಯಲ್ಲಿ ಕೂತಿದ್ದರಾ? ಮಷಿನ್‌ಗೆ ವಯಸ್ಸು ಗೊತ್ತಾಗಲ್ಲ. ಬೂತ್ ಲೆಕ್ಕದಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಇರುತ್ತೆ, ಹಾಕಿದವರ ತಲೆ ನೆರೆತಿತ್ತಾ ಇಲ್ವಾ ಅಂತ ಇರಲ್ಲ.

ಸಮೀಕ್ಷೆ ಮಾಡುವವರು ಕೇಳಿ ತಿಳಿದುಕೊಳ್ಳುತ್ತಾರೆ, ಅದು ಬೇರೆ. 2014ರ ಲೋಕಸಭೆ ಚುನಾವಣೆಯಲ್ಲಿ ದೇಶದಾದ್ಯಂತ ಬಿಜೆಪಿಗೆ ಹಿರಿಯರಿಗಿಂತ ಯುವಕರ ಬೆಂಬಲ ಜಾಸ್ತಿ ಇತ್ತು ಅಂತ ಲೋಕನೀತಿ-ಸಿಎಸ್‌ಡಿಎಸ್ ಸಮೀಕ್ಷೆ ಹೇಳಿತ್ತು. ವ್ಯತ್ಯಾಸ ಇದೆ, ನಾನು ಇಲ್ಲ ಅನ್ನಲ್ಲ. ವ್ಯತ್ಯಾಸ ಇರೋದೇ ತಪ್ಪು ಅನ್ನೋರ ಮೇಲೆ ನನ್ನ ಸಿಟ್ಟು.

ಸಭೆಯಲ್ಲಿ ನಕ್ಕವರಲ್ಲಿ ನನಗಿಂತ ಸ್ವಲ್ಪ ದೊಡ್ಡವರೇ ಜಾಸ್ತಿ. ಐವತ್ತೈದು, ಐವತ್ತಾರು. ಅವರಿಗೆ ಒಂದು ವಿಷಯ ನೆನಪಿಸಬೇಕು. ಮುಂಚೆ ಎಂಎಲ್‌ಎ, ಎಂಪಿ ವೋಟಿಗೆ ಇಪ್ಪತ್ತೊಂದು ತುಂಬಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು ಹದಿನೆಂಟು ಆಯಿತು. ಆ ವರ್ಷ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಚುನಾವಣೆ. ಹದಿನೆಂಟು, ಹತ್ತೊಂಬತ್ತಕ್ಕೇ ವೋಟು ಹಾಕಿದ ಮೊದಲ ಬ್ಯಾಚು ನೀವೇ ಅಲ್ವಾ ಅಣ್ಣಂದಿರಾ? ಆಗ ನಮ್ಮ ತಾತ ಕಟ್ಟೆ ಮೇಲೆ ಕೂತು, ಮೀಸೆ ಬರದ ಹುಡುಗರಿಗೆಲ್ಲ ವೋಟು ಕೊಟ್ಟರು, ದೇಶ ಮುಳುಗಿತು ಅಂತಿದ್ದರು. ದೇಶ ಮುಳುಗಲಿಲ್ಲ. ಆಮೇಲೆ ನೀವು ಪಂಚಾಯಿತಿಯಲ್ಲಿ, ಸೊಸೈಟಿಯಲ್ಲಿ ನಿಂತಿರಿ, ಗೆದ್ದಿರಿ, ಸೋತಿರಿ, ಜನ ಅಂದರೆ ಏನು ಅಂತ ಕಲಿತಿರಿ. ಕಲಿಯೋಕೆ ನಿಮಗೆ ಜಾಗ ಇತ್ತು.

ನನಗೆ ಭಯ ಇರೋದು ಇಲ್ಲೇ. ಮೊನ್ನೆ ನಮ್ಮಣ್ಣನ ಮಗಳನ್ನು, ಎರಡನೇ ವರ್ಷದ ಡಿಗ್ರಿ ಓದ್ತಾಳೆ, “ನಮ್ಮ ಜಿಲ್ಲಾ ಪಂಚಾಯಿತಿ ಕ್ಷೇತ್ರ ಯಾವುದಮ್ಮ?” ಅಂತ ಕೇಳಿದೆ. “ಅದಕ್ಕೂ ಎಲೆಕ್ಷನ್ ಇರುತ್ತಾ ಚಿಕ್ಕಪ್ಪ?” ಅಂದಳು. ಪೇಪರ್ ಓದುವ, ಬುದ್ಧಿವಂತ ಹುಡುಗಿ. ಅವಳ ತಪ್ಪು ಒಂದು ಚೂರೂ ಇಲ್ಲ.

ಇದನ್ನು ಓದಿ ಕೋಪ ಬರುವವರು ನಮ್ಮೂರಲ್ಲೇ ಇದ್ದಾರೆ ಅಂತ ಗೊತ್ತು. ಬೈಯಿರಿ, ಬೇಜಾರಿಲ್ಲ. ಆದರೆ ನೀವೆಲ್ಲ ಯಾವುದೋ ಒಂದು ಪಕ್ಷದಲ್ಲಿ ಓಡಾಡುವವರು, ಎಂಎಲ್‌ಎ ಮನೆಗೆ ನೇರ ಹೋಗುವವರು. ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಮಾಡಿಸ್ತೀರಾ ಅಂತ ಅಲ್ಲಿ ಒಂದ್ಸಲ ಕೇಳಿ, ಅವರೇನು ಉತ್ತರ ಕೊಟ್ಟರು ಅಂತ ಊರಿಗೆ ಬಂದು ಹುಡುಗರಿಗೆ ಹೇಳಿ, ಆಮೇಲೆ ಬೈಯಿರಿ.