ಮೂರು ಪುಟದ ಸೃಜನಶೀಲತೆ, ಐದು ಇಂಚು ಮಳೆ

ಶಿವಮೊಗ್ಗದಲ್ಲಿ ಈಗ ಯಾರೂ ಡೈರಿ ಬರೆಯುವುದಿಲ್ಲ, ಜರ್ನಲಿಂಗ್ ಮಾಡುತ್ತಾರೆ. ದಿನಾ ಮನಸ್ಸಿನದನ್ನು ಪುಸ್ತಕಕ್ಕೆ ಇಳಿಸಿದರೆ ಸೃಜನಶೀಲತೆ ಉಕ್ಕುತ್ತದಂತೆ; ಅದನ್ನು ಕಲಿಸುವ ಶಿಬಿರಗಳೂ ಇವೆ. ಬರೆಯುವವರಿಗೆ ಒಂದು ಪೆನ್ನು ಸಾಕಿತ್ತು. ಮಾಡುವವರಿಗೆ ಸಾಮಾನು ಬೇಕು: ರೆಕ್ಸಿನ್ ರಟ್ಟಿನ ಪುಸ್ತಕ, ಐದು ಬಣ್ಣದ ಜೆಲ್ ಪೆನ್ನು, ನಗುಮುಖದ ಸ್ಟಿಕ್ಕರು, ಹೂವಿನ ಟೇಪು. ದುರ್ಗಿಗುಡಿ ಪೇಟೆಗೆ ಒಂದು ಸಲ ಹೋಗಿ ಬಂದರೆ ಅರ್ಧ ಸೃಜನಶೀಲತೆ ಚೀಲದಲ್ಲೇ ಬಂದಿರುತ್ತದೆ.

ವಿಧಿ ಸರಳ. ಎದ್ದ ಕೂಡಲೇ, ಕಾಫಿಗೂ ಮೊದಲು, ಮನಸ್ಸಿಗೆ ಬಂದದ್ದನ್ನು ಕೈಯಲ್ಲೇ ಮೂರು ಪುಟ ಬರೆಯಬೇಕು. ವರ್ಷಕ್ಕೆ 1,095 ಪುಟ. ಇನ್ನೂರು ಪುಟದ ಪುಸ್ತಕ ಐದೂವರೆ. ಮೊದಲ ದಿನ 'ನನ್ನ ಪಯಣ ಶುರು'. ಎರಡನೇ ದಿನ 'ನಿದ್ದೆ ಬರ್ತಿದೆ'. ಒಂಬತ್ತನೇ ದಿನದಿಂದ 'ಏನು ಬರೆಯೋದು ಗೊತ್ತಾಗ್ತಿಲ್ಲ' ಅನ್ನುವುದೇ ಪುಟ ತುಂಬ, ಮೇಷ್ಟ್ರು ಇಂಪೊಸಿಷನ್ ಕೊಟ್ಟ ಹಾಗೆ. ಮೊದಲ ಎಂಟು ವಾರ ಬರೆದದ್ದನ್ನು ತಿರುಗಿ ಓದಬಾರದು ಎಂಬ ನಿಯಮವೂ ಇದೆ. ಕರುಣೆಯ ನಿಯಮ.

'ಇದಕ್ಕೆ ರಿಸರ್ಚ್ ಇದೆ ಸಾರ್' ಅನ್ನುತ್ತಾರೆ ಶಿಬಿರದವರು. ಇದೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರದ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ಮನಸ್ಸಿಗಾದ ಪೆಟ್ಟಿನ ಬಗ್ಗೆ ಬರೆಸಿದರು. ದಿನಕ್ಕೆ 15 ನಿಮಿಷ, ಒಟ್ಟು 4 ದಿನ. ಆಮೇಲೆ ಲೆಕ್ಕ ಹಾಕಿದ್ದು ಅವರು ಎಷ್ಟು ಸಲ ಡಾಕ್ಟರ ಹತ್ತಿರ ಹೋದರು ಅಂತ. ಎಷ್ಟು ಕವನ ಬರೆದರು ಅಂತಲ್ಲ. ಆ ನಾಲ್ಕು ದಿನ ಘಟ್ಟ ಹತ್ತಿ ಬರುವಷ್ಟರಲ್ಲಿ 365 ಆಗಿದೆ, ಫೀಸು ಬೇರೆ. ಡಾರ್ವಿನ್ 1837ರ ನೋಟ್‌ಬುಕ್ಕಿನಲ್ಲಿ ಗೀಚಿದ ಜೀವವಿಕಾಸದ ಮರದ ಚಿತ್ರವೂ ಶಿಬಿರದ ಸ್ಲೈಡಿನಲ್ಲಿ ಬರುತ್ತದೆ. ಅದಕ್ಕೂ ಮೊದಲು ಆತ ಐದು ವರ್ಷ ಹಡಗಿನಲ್ಲಿ ಸುತ್ತಿ ಕಲ್ಲು, ಹಕ್ಕಿ, ಹುಳ ನೋಡಿದ್ದು ಬರುವುದಿಲ್ಲ.

ಜೂನ್ ಬಂತೆಂದರೆ ಪಯಣಕ್ಕೆ ಥಂಡಿ ಹಿಡಿಯುತ್ತದೆ. ರೆಕ್ಸಿನ್ ಮೇಲೆ ಬೂಸ್ಟು, ಪುಟಕ್ಕೆ ಪುಟ ಅಂಟು. ಜೆಲ್ ಶಾಯಿ ನೀರಿನದು, ಕಿಟಕಿಯ ಇರಚಲು ತಾಗಿದರೆ ಸೋಮವಾರದ ಕೃತಜ್ಞತೆ ಮಂಗಳವಾರದ ಸಿಟ್ಟಿಗೆ ಇಳಿಯುತ್ತದೆ. ಬಾಲ್ ಪೆನ್ನಿನದು ಎಣ್ಣೆ ಶಾಯಿ, ನಿಲ್ಲುತ್ತದೆ; ಪೆನ್ಸಿಲ್ ಇನ್ನೂ ಗಟ್ಟಿ.

ಇದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಗಳಿಗೆ ಎಂದೋ ಗೊತ್ತು. ಅಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಬಾಲ್ ಪೆನ್ನಿನ ಬರಹ: '2-40'. ಎರಡು ಇಂಚು ನಲವತ್ತು ಸೆಂಟು ಮಳೆ. ನೂರು ಸೆಂಟಿಗೆ ಒಂದು ಇಂಚು. ಕೆಲವು ಚೌಕದಲ್ಲಿ 'ಮದ್ದು'. ಅಂದರೆ ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ: ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಚಾಕು ಅದ್ದಿದರೆ ಅದರ ಮೇಲೆ ತಾಮ್ರದ ಕೆಂಪು ಕೂರಬಾರದು, ಕೂತರೆ ಸುಣ್ಣ ಸಾಲದು. ಆ ಚೌಕದಿಂದ ನಲವತ್ತು ದಿನ ಎಣಿಸಿದರೆ ಎರಡನೇ ಮದ್ದು. ಎಣಿಕೆ ತಪ್ಪಿ ಮಳೆ ಹಿಡಿದರೆ ಕೊಳೆ, ಗೊನೆಯ ಕಾಯೆಲ್ಲ ನೆಲಕ್ಕೆ. ಆದ್ದರಿಂದ ಈ ಡೈರಿಯನ್ನು ತಿರುಗಿ ಓದುತ್ತಾರೆ.

ಅಂಥ ಮನೆಯ ಅಜ್ಜನ ಮುಂದೆ ಮೊಮ್ಮಗಳು ರೆಕ್ಸಿನ್ ಪುಸ್ತಕ ಇಟ್ಟು, 'ಅಜ್ಜ, ನಿನ್ನ ಫೀಲಿಂಗ್ಸ್ ಬರಿ' ಅಂದರೆ ಬರುವ ಉತ್ತರ ಇಷ್ಟು: 'ಕ್ಯಾಲೆಂಡರ್ ನೋಡು ಮಾರಾಯ್ತಿ. ಐದು ಇಂಚು ಹತ್ತು ಸೆಂಟು. ಇನ್ನೆಂಥ ಫೀಲಿಂಗು?'

ಪುಸ್ತಕ ಜುಲೈ ಹೊತ್ತಿಗೆ ಬಚ್ಚಲ ಒಲೆಯ ಪಕ್ಕ ಸೇರುತ್ತದೆ. ನೇರ ಹಚ್ಚಿದರೆ ಹೊಗೆ ಅಷ್ಟೇ. ಎರಡು ದಿನ ಒಲೆಕಟ್ಟೆಯ ಮೇಲೆ ಒಣಗಿಸಿ, ರೆಕ್ಸಿನ್ ಕಿತ್ತು, ಅಡಿಯಲ್ಲಿ ಒಣ ಅಡಿಕೆ ಸಿಪ್ಪೆ ಇಟ್ಟರೆ ಹತ್ತಿಕೊಳ್ಳುತ್ತದೆ.